ತೂತು ಕೊರೆಯುವ ಮುನ್ನ

ಕರ್ನಾಟಕ–ಮಹಾರಾಷ್ಟ್ರ ಗಡಿಯ ಬೋರಗಾಂವದಂಥ ಊರಿನಲ್ಲಿ ಸ್ಟೀಲ್ ಪಾತ್ರೆಯ ಗುಣದೋಷ ಹೇಳಬಲ್ಲವರಿಗೆ ಬರವಿಲ್ಲ. ಈ ಸೀಮೆಯ ಮನೆಗಳು ಕಬ್ಬಿನ ಬಿಲ್ಲಿಗೆ ಕಾಯುವಷ್ಟೇ ಹಾಲಿನ ಪಗಾರಕ್ಕೂ ಕಾಯುತ್ತವೆ. ಕ್ಯಾನಿನ ಕತ್ತಿನ ಮಡಿಕೆಯಲ್ಲಿ ನಿನ್ನೆಯ ಹಾಲು ಒಂದಿಷ್ಟು ಉಳಿದರೆ ಇಂದಿನ ಹಾಲು ಡೇರಿ ಮುಟ್ಟುವ ಮೊದಲೇ ಕೆಡುತ್ತದೆ ಎಂಬುದನ್ನು ಇಲ್ಲಿ ಯಾರೂ ಪುಸ್ತಕ ಓದಿ ಕಲಿತಿಲ್ಲ. ಮನೆಯಲ್ಲೇ ಬಿಯರ್ ಮಾಡುವವರ ಒಂದು ಹವ್ಯಾಸವನ್ನು ತೂಗಿ ನೋಡಲು ಈ ಡೇರಿಯ ತಿಳಿವಳಿಕೆಯೇ ಸಾಕು. ಆ ಹವ್ಯಾಸವೆಂದರೆ ಸ್ಟೀಲ್ ಫರ್ಮೆಂಟರಿಗೆ, ಅಂದರೆ ಬಿಯರ್ ಹುದುಗುವ ಪಾತ್ರೆಗೆ, ತೂತು ಕೊರೆಯುವುದು, ನಳ ಕೂಡಿಸುವುದು, ಒಳಗೆ ಕೊಳವೆಯ ಸುರುಳಿ ಇಳಿಬಿಡುವುದು.

ಕಾನೂನಿನ ಮಾತು ಮೊದಲು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಗಡಿ ದಾಟಿ ಇಚಲಕರಂಜಿ ಕಡೆ ಹೋದರೆ 1949ರ ಮಹಾರಾಷ್ಟ್ರ ಪಾನನಿಷೇಧ ಕಾಯ್ದೆಯ ಆಡಳಿತ. ಈ ಭಾಗದಲ್ಲಿ ಕಾನೂನಿನೊಳಗೆ ಯೀಸ್ಟ್ ಕೆಲಸ ಮಾಡುವುದು ಉಗಾರದಂಥ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಯಲ್ಲಿ, ಕಾಕಂಬಿಯ ಮೇಲೆ. ಬೆಂಗಳೂರಿನಲ್ಲಿ ಸುಮಾರು 2010ರಿಂದ ಮೈಕ್ರೋಬ್ರೂವರಿಗಳಿವೆ, ಅವೂ ಪರವಾನಗಿ ಪಡೆದವು. ಮನೆಯ ಬಿಯರಿಗೆ ಬ್ರಿಟನ್ 1963ರಲ್ಲಿ ಪರವಾನಗಿಯ ಕಟ್ಟು ಸಡಿಲಿಸಿತು. ಅಮೆರಿಕದ 1978ರ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ತನಕ ತೆರಿಗೆಯಿಲ್ಲದೆ ಬಿಟ್ಟುಕೊಟ್ಟಿತು. ಹಾಗಾಗಿ ಮುಂದಿನ ಮಾತುಗಳು ಡಲ್ಲಾಸಿನಲ್ಲೋ ಲೀಡ್ಸ್‌ನಲ್ಲೋ ಮನೆ ಮಾಡಿರುವ ಕನ್ನಡಿಗರ ಗ್ಯಾರೇಜಿಗೆ ಹೆಚ್ಚು ಹೊಂದುತ್ತವೆ. ಬೋರಗಾಂವದ್ದು ಇಲ್ಲಿ ಪರೀಕ್ಷಕನ ಪಾತ್ರ.

ಡೇರಿಗೂ ಬಿಯರಿಗೂ ನಂಟು ಹಚ್ಚಿದ್ದು ನಾನಲ್ಲ. ಕ್ಯಾಲಿಫೋರ್ನಿಯದ ಚಿಕೋದಲ್ಲಿ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡಾ ಬ್ರೂವರಿ ಶುರು ಮಾಡಿದಾಗ ಹಳೆಯ ಡೇರಿ ಸಾಮಾನನ್ನೇ ಕತ್ತರಿಸಿ, ಬೆಸೆದು ಬಳಸಿದ್ದರು. ಅವರೂ ಮನೆಯಲ್ಲಿ ಬಿಯರ್ ಮಾಡುತ್ತ ಬೆಳೆದವರೇ. ಕೈಯಾರೆ ಮಾರ್ಪಡಿಸುವ ಚಟವನ್ನು ಹುಡುಗಾಟವೆಂದು ತಳ್ಳಿಹಾಕಲು ಆಗದು. ಒಂದು ಉದ್ಯಮವೇ ಅದರಿಂದ ಎದ್ದಿದೆ. ಆದರೆ ಗ್ರಾಸ್‌ಮನ್ ಹೆಸರು ಹೇಳಿಕೊಂಡು ಇಂದು ನಡೆಯುವ ಎಲ್ಲ ಕೊರೆತಕ್ಕೂ ಅಷ್ಟೇ ಬೆಲೆಯಿಲ್ಲ.

ಮೊದಲ ಪ್ರಶ್ನೆ ಲೋಹದ್ದು. ಫರ್ಮೆಂಟರಿಗೆ ಬೇಕಾದದ್ದು 304 ದರ್ಜೆಯ ಸ್ಟೀಲ್. ಅದರಲ್ಲಿ ಕ್ರೋಮಿಯಂ ಸುಮಾರು ಶೇ. 18, ನಿಕಲ್ ಶೇ. 8. ನಮ್ಮ ಪಾತ್ರೆ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಪಾತ್ರೆ 202 ದರ್ಜೆಯವು. ಅವುಗಳಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಯಸ್ಕಾಂತ ಹಿಡಿದು ನೋಡಿ ‘ಅಂಟಲಿಲ್ಲ, ಅಸಲಿ ಮಾಲು’ ಎನ್ನುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಎರಡೂ ಅಯಸ್ಕಾಂತಕ್ಕೆ ಅಂಟದ ಜಾತಿಯವೇ. ವಾರಗಟ್ಟಲೆ ಹುಳಿ ರಸ ನಿಲ್ಲುವ ಪಾತ್ರೆಗೆ 202 ತಂದು, ಅದಕ್ಕೆ ದುಬಾರಿ ನಳ ಹಾಕಿಸುವುದು ಹಣದ ದಂಡ. ಉತ್ತಮ ಸ್ಟೀಲನ್ನೂ ಬ್ಲೀಚಿಂಗ್ ನೀರಿನಲ್ಲಿ ನೆನೆಹಾಕಿದರೆ ಕ್ಲೋರಿನ್ ಅದರ ಮೈಯಲ್ಲಿ ಸಣ್ಣ ಸಣ್ಣ ಗುಳಿ ತೋಡುತ್ತದೆ.

ಎರಡನೆಯದು ತೂತು. ಸ್ಟಾಕ್‌ಪಾಟಿನ ಬುಡದ ಹತ್ತಿರ ಕೊರೆದು, ವೆಲ್ಡಿಂಗ್ ಇಲ್ಲದೆ ನಟ್ಟು, ಸಿಲಿಕೋನ್ ವಾಷರ್ ಬಿಗಿದು ನಳ ಕೂಡಿಸುವುದು ಎಲ್ಲಕ್ಕಿಂತ ಜನಪ್ರಿಯವಾದ ಮಾರ್ಪಾಡು. ಅರ್ಧ ಗಂಟೆಯ ಕೆಲಸ, ನೀರೂ ಸೋರುವುದಿಲ್ಲ. ಆದರೆ ಸೋರದಿರುವುದು ಬೇರೆ, ಶುದ್ಧವಾಗುವುದು ಬೇರೆ. ವಾಷರಿನ ಹಿಂದೆ, ಥ್ರೆಡ್ಡಿನ ಸಂದಿಯಲ್ಲಿ ಮಾಲ್ಟ್ ರಸ ಸೇರಿ ಕೂರುತ್ತದೆ. ಅಲ್ಲಿಗೆ ಬ್ರಷ್ಷು ಹೋಗದು, ಸ್ಯಾನಿಟೈಸರ್ ಸರಿಯಾಗಿ ಮುಟ್ಟದು. ಸಾಮಾನ್ಯ ಬಾಲ್ ವಾಲ್ವಿನಲ್ಲೂ ಇದೇ ಗತಿ: ಗುಂಡಿನ ಹಿಂದೆ ರಸ ಸಿಕ್ಕಿಕೊಳ್ಳುತ್ತದೆ. ಮಾಲ್ಟ್ ರಸ ಕುದಿಸುವ ಪಾತ್ರೆಗೆ ಈ ನಳ ಇರಲಿ, ಕುದಿಯೇ ಅಲ್ಲಿ ಕಾವಲು. ರಸ ತಣ್ಣಗಾದ ಮೇಲೆ ತುಂಬುವ ಫರ್ಮೆಂಟರಿಗೆ ಅಂಥ ಕಾವಲಿಲ್ಲ. ಹಾಕಲೇಬೇಕೆಂದರೆ ಪ್ರತಿ ಸಲವೂ ಬಿಚ್ಚಿ ತೊಳೆಯಲು ಬರುವಂಥದ್ದು ಬೇಕು. ಡೇರಿಯವರು ಬಳಸುವ ಟ್ರೈಕ್ಲ್ಯಾಂಪ್ ಜೋಡಣೆಗೆ ಹೆಚ್ಚು ಅಂಕ ಕೊಡುವುದು ಇದಕ್ಕೇ. ಥ್ರೆಡ್ಡಿಲ್ಲ, ಪಾನಾ ಬೇಡ, ಗ್ಯಾಸ್ಕೆಟ್ ಕೈಗೆ ಬರುತ್ತದೆ.

ಟ್ರೈಕ್ಲ್ಯಾಂಪಿನ ತುಂಡನ್ನು ಪಾತ್ರೆಗೆ ಬೆಸೆಯಬೇಕಾದಾಗ ಮೂರನೆಯ ಪ್ರಶ್ನೆ ಏಳುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡುವವರು ಬಹಳ. ಪಾತ್ರೆಯ ಒಳಮೈಗೂ ಆರ್ಗಾನ್ ಹಾಯಿಸಿ ಬೆಸೆಯುವವರು ಕಡಿಮೆ. ಹೊರಗಡೆ ಬಫಿಂಗ್ ಮಾಡಿ ಬೆಳ್ಳಿಯಂತೆ ಹೊಳೆಸಿ ಕೊಡುತ್ತಾರೆ. ಒಳಗೆ ಗಾಳಿ ಮುಟ್ಟಿದ ಜಾಗ ಸುಟ್ಟು, ಕಪ್ಪಾಗಿ, ಹಳಕು ಹಳಕಾಗಿ ಉಳಿಯುತ್ತದೆ. ತುಕ್ಕು ತಡೆಯುವ ಕ್ರೋಮಿಯಂ ಪದರ ಅಲ್ಲಿ ಕೆಟ್ಟಿರುವುದರಿಂದ ತುಕ್ಕು ಹತ್ತುವುದೂ ಅಲ್ಲೇ, ಸೂಕ್ಷ್ಮಜೀವಿ ನೆಲೆಯೂರುವುದೂ ಅಲ್ಲೇ. ಬೆಸುಗೆಯನ್ನು ಒಳಗಿಂದ ನಯ ಮಾಡಿಸಿ, ಆಮ್ಲದ ಉಪಚಾರ ಕೊಡಿಸಿ ಪದರವನ್ನು ಮತ್ತೆ ಕೂಡಿಸದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ. ಬೆಸುಗೆಯನ್ನು ಒಳಗೆ ಕೈಯಾಡಿಸಿ ನೋಡದೆ ದುಡ್ಡು ಕೊಡಬಾರದು.

ನಾಲ್ಕನೆಯದು ಒತ್ತಡ, ಇಲ್ಲಿ ಮೆಚ್ಚುಗೆಗೆ ಜಾಗವೇ ಇಲ್ಲ. ಶೇ. 5 ಮದ್ಯಾಂಶದ ಬಿಯರ್ ಹುದುಗುವಾಗ ತನ್ನ ಗಾತ್ರದ ಸುಮಾರು 20 ಪಟ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ: 20 ಲೀಟರಿಗೆ ಸುಮಾರು 400 ಲೀಟರ್ ಅನಿಲ. ಅದನ್ನು ಒಳಗೇ ಹಿಡಿದಿಡಲೆಂದು ಹಾಲಿನ ಕ್ಯಾನಿಗೋ ಸ್ಟಾಕ್‌ಪಾಟಿಗೋ ಕ್ಲಾಂಪ್ ಬಿಗಿಯುವವರಿದ್ದಾರೆ. 30 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಒತ್ತಡ ಬಿದ್ದರೆ ಒಟ್ಟು 700 ಕೆ.ಜಿ.ಗೂ ಮೇಲೆ. ಆ ತಗಡು ಅದಕ್ಕೆಂದು ಹುಟ್ಟಿದ್ದಲ್ಲ. ಒತ್ತಡದಲ್ಲೇ ಹುದುಗಿಸುವ ಆಸೆಯಿದ್ದರೆ ಸೋಡಾ ಕಂಪನಿಗಳು ಬಳಸಿ ಬಿಟ್ಟ 19 ಲೀಟರಿನ ಕಾರ್ನಿ ಕೆಗ್ ಇದೆ. ಒತ್ತಡಕ್ಕೆಂದೇ ಮಾಡಿದ ಪಾತ್ರೆ, ಮುಚ್ಚಳದಲ್ಲೇ ಸುರಕ್ಷಾ ವಾಲ್ವು. ಒಳಗೊಳವೆಯ ತುದಿಯನ್ನು ಸ್ವಲ್ಪ ಕತ್ತರಿಸಿದರೆ ತಳದ ಗಸಿ ಬಿಟ್ಟು ತಿಳಿ ಮಾತ್ರ ಮೇಲೆ ಬರುತ್ತದೆ. ನಾನು ಕಂಡ ಮಾರ್ಪಾಡುಗಳಲ್ಲಿ ಇದರಷ್ಟು ಚೊಕ್ಕದ್ದು ಇನ್ನೊಂದಿಲ್ಲ: ಹೊಸ ತೂತಿಲ್ಲ, ಬೆಸುಗೆಯಿಲ್ಲ, ಬೇಡವೆಂದರೆ ಬೇರೆ ಕೊಳವೆ ಹಾಕಿಕೊಂಡರಾಯಿತು.

ಐದನೆಯದು ತಂಪು. ಬಿಯರಿನ ರುಚಿ ನಿರ್ಧಾರವಾಗುವುದು ಬಹಳಮಟ್ಟಿಗೆ ಇಲ್ಲೇ. ಏಲ್ ಜಾತಿಯ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ಹುದುಗುವಾಗ ರಸ ತಾನೇ ಕಾವು ಏರಿ ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗುತ್ತದೆ. ಹಿಡಿತ ತಪ್ಪಿದರೆ ಗಂಟಲು ಸುಡುವ ಖಾರದ ಮದ್ಯಾಂಶಗಳು ಹುಟ್ಟುತ್ತವೆ. ಇದಕ್ಕೆ ಮುಚ್ಚಳದಲ್ಲಿ ಎರಡು ತೂತು ಕೊರೆದು ಸ್ಟೀಲ್ ಸುರುಳಿ ಇಳಿಬಿಟ್ಟು ತಣ್ಣೀರು ಹಾಯಿಸುತ್ತಾರೆ. ಉದ್ದೇಶ ಸರಿಯೇ. ಆದರೆ ಒಣಗಿದ ಬುರುಗು ಅಂಟಿದ ಸುರುಳಿಯನ್ನು ಉಜ್ಜುವ ಕೂಲಿ ಪ್ರತಿ ಸಲವೂ ಕೊಡಬೇಕು. ಡೇರಿಗಳ ಬಲ್ಕ್ ಕೂಲರ್ ಹಾಲನ್ನು 4 ಡಿಗ್ರಿಗೆ ಇಳಿಸುವುದು ಹೊರಗಿಂದ, ಗೋಡೆಯ ಮೂಲಕ. ಹಾಲಿನೊಳಗೆ ಸುರುಳಿ ಮುಳುಗಿಸಿ ಅಲ್ಲ. ಮನೆಯಲ್ಲಿ ಅದಕ್ಕೆ ಸಮನಾದ ಉಪಾಯವೆಂದರೆ ಹಳೆಯ ಫ್ರಿಜ್ಜಿಗೆ ಬಿಡಿ ಥರ್ಮೋಸ್ಟಾಟ್ ಹಚ್ಚಿ, ಫರ್ಮೆಂಟರನ್ನು ಇಡಿಯಾಗಿ ಅದರೊಳಗೆ ಕೂಡಿಸುವುದು.

ಕೊನೆಯದಾಗಿ, ಫರ್ಮೆಂಟರಿನ ಶಂಕುವಿನಾಕಾರದ ತಳಕ್ಕೆ ನಾನು ಕಡಿಮೆ ಅಂಕ ಕೊಡುತ್ತೇನೆ. ಯೀಸ್ಟನ್ನು ತಳದಿಂದಲೇ ತೆಗೆದು ಮತ್ತೆ ಬಳಸುವ ದೊಡ್ಡ ಬ್ರೂವರಿಗೆ ಅದು ವರವೇ. 20 ಲೀಟರಿನವನು ಮೇಲಿಂದ ತಿಳಿ ಬಸಿದುಕೊಂಡರೆ ಸಾಕು. ಅವನ ಪಾಲಿಗೆ ಶಂಕು ಎಂದರೆ ತುದಿಯಲ್ಲಿ ಇನ್ನೊಂದು ವಾಲ್ವು, ತೊಳೆಯಲು ಇನ್ನೊಂದು ಸಂದಿ.

ಒಟ್ಟು ತೀರ್ಪು ಇಷ್ಟು. ಈ ಹವ್ಯಾಸದಲ್ಲಿ ಜಾಣ್ಮೆಗೆ ಕೊರತೆಯಿಲ್ಲ, ಸಂಯಮಕ್ಕಿದೆ. ಪಾತ್ರೆಗೆ ಏನನ್ನು ಸೇರಿಸಿದೆವು ಎಂದು ತೋರಿಸುವವರೇ ಹೆಚ್ಚು. ಅದನ್ನು ತೊಳೆಯುವುದು ಹೇಗೆ ಎಂದು ಹೇಳುವವರು ಕಡಿಮೆ. ಖರ್ಚಿನ ಸರದಿ ಹೀಗಿರಲಿ: ಮೊದಲು ಒಳ್ಳೆಯ ಸ್ಟೀಲ್, ಆಮೇಲೆ ತಂಪು, ಆಮೇಲೆ ಬಿಚ್ಚಿ ತೊಳೆಯಬಹುದಾದ ಒಂದೇ ಒಂದು ನಳ. ಡ್ರಿಲ್ಲು ಎಲ್ಲಕ್ಕೂ ಕೊನೆಗೆ ಬರಲಿ. ಎಷ್ಟೋ ಮನೆಗಳಲ್ಲಿ ಅದರ ಸರದಿ ಬಾರದೆಯೂ ಒಳ್ಳೆಯ ಬಿಯರ್ ಆದೀತು.