ಬಿಳಿ ಪುಡಿಯೊಳಗಿನ ಗುಲಾಬಿ

ಸಲ್ಫಾ ಮಾತ್ರೆಯನ್ನು ಅರೆದರೆ ಸಿಗುವುದು ಬರೀ ಬಿಳಿ ಪುಡಿ. ಅದರಲ್ಲಿ ಔಷಧ ಎಷ್ಟು, ಪಿಷ್ಟ ಎಷ್ಟು ಎಂದು ಕಣ್ಣಿಗೆ ತಿಳಿಯದು. ಆ ಪುಡಿಗೆ ಬಣ್ಣ ಬರಿಸಿ ಔಷಧವನ್ನು ಅಳೆಯುವ ಪ್ರಯೋಗಗಳನ್ನು ಪುಣೆಯ ಫಾರ್ಮಸಿ ಕಾಲೇಜುಗಳ ಹುಡುಗರು ಜರ್ನಲ್ ತುಂಬಿಸುವ ಅವಸರದಲ್ಲಿ ಮಾಡಿ ಮುಗಿಸುತ್ತಾರೆ. ನನಗಂತೂ ಅವು ಒಳ್ಳೆಯ ಬಂದಿಶ್ ಕೇಳುವಷ್ಟೇ ಪುರುಸೊತ್ತು ಕೊಟ್ಟು ನೋಡಬೇಕಾದವು.

20 ಮಾತ್ರೆಗಳನ್ನು ತೂಗಿ, ಖಲದಲ್ಲಿ ನುಣ್ಣಗೆ ಅರೆದು, ಬೇಕಾದಷ್ಟು ಪುಡಿಯನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಸೋಸುತ್ತಾರೆ. ಟಾಲ್ಕ್, ಮೆಗ್ನೀಸಿಯಂ ಸ್ಟಿಯರೇಟ್‌ನಂಥ ಕರಗದ ಸರಕು ಕಾಗದದ ಮೇಲೆ ಉಳಿಯುತ್ತದೆ. ಕೆಳಗಿಳಿದ ತಿಳಿಯನ್ನು ತಣ್ಣಗಿಟ್ಟು ಸೋಡಿಯಂ ನೈಟ್ರೈಟ್ ಹಾಕಿದರೆ ಸಲ್ಫಾ ಅಣುವಿನ ತುದಿಯ ಅಮೈನ್ ಗುಂಪು ಡಯಜೋನಿಯಂ ಆಗಿ ಬದಲಾಗುತ್ತದೆ. ಮೂರು ನಿಮಿಷ ಕಾಯಬೇಕು. ಏನೂ ಕಾಣುವುದಿಲ್ಲ. ಆಮೇಲೆ ಅಮೋನಿಯಂ ಸಲ್ಫಮೇಟ್. ಮಿಕ್ಕ ನೈಟ್ರಸ್ ಆಮ್ಲವನ್ನು ಅದು ನೈಟ್ರೋಜನ್ ಆಗಿಸಿ ಹೊರಗಟ್ಟುತ್ತದೆ. ಸಣ್ಣ ಗುಳ್ಳೆಗಳು ಗಾಜಿನ ಗೋಡೆ ಹಿಡಿದು ಮೇಲೇಳುತ್ತವೆ. ಇಡೀ ವಿಧಾನದಲ್ಲಿ ನನಗೆ ತೀರಾ ಇಷ್ಟವಾದ ಗಳಿಗೆ ಇದೇ. ಮಿಕ್ಕಿದ ಆಮ್ಲ ಹಾಗೇ ಉಳಿದರೆ ಮುಂದೆ ಹಾಕುವ ಕಾರಕವನ್ನೇ ಕೆಡಿಸುತ್ತಿತ್ತು. ಅದನ್ನು ಮೊದಲೇ ಊಹಿಸಿ, ಔಷಧಕ್ಕೆ ಸೋಂಕದಂತೆ ತೆಗೆದುಹಾಕುವ ದಾರಿ ಕಂಡವರ ಜಾಣ್ಮೆ ಆ ಗುಳ್ಳೆಗಳಲ್ಲಿ ಕಾಣುತ್ತದೆ. ಕೊನೆಗೆ ನ್ಯಾಫ್ತೈಲ್ ಎಥಿಲೀನ್ ಡೈಅಮೈನ್ ಬೀಳುತ್ತದೆ. ಬೀಟ್‌ರೂಟ್ ಹೆಚ್ಚಿದ ಕೈ ತೊಳೆದ ನೀರಿನಂಥ ಗುಲಾಬಿ ಮೂಡಿ, ನೋಡನೋಡುತ್ತ ಗಾಢವಾಗುತ್ತದೆ.

1939ರಲ್ಲಿ ಬ್ರಾಟನ್ ಮತ್ತು ಮಾರ್ಷಲ್ ಈ ವಿಧಾನವನ್ನು ಪ್ರಕಟಿಸಿದ್ದು ರೋಗಿಯ ರಕ್ತದಲ್ಲಿ ಸಲ್ಫಾ ಎಷ್ಟಿದೆ ಎಂದು ತಿಳಿಯಲು. ಗುಲಾಬಿ ದ್ರಾವಣ 545 ನ್ಯಾನೋಮೀಟರಿನ ಹಸಿರು ಬೆಳಕನ್ನು ಹೀರುತ್ತದೆ. ತಿಳಿಯಾದ ದ್ರಾವಣದಲ್ಲಿ ಔಷಧ ಇಮ್ಮಡಿಯಾದರೆ ಹೀರಿಕೆಯೂ ಇಮ್ಮಡಿ. 1852ರಲ್ಲಿ ಆಗಸ್ಟ್ ಬಿಯರ್ ತೋರಿಸಿಕೊಟ್ಟ ಈ ನಂಟಿನಿಂದಲೇ ಬಣ್ಣ ಮಿಲಿಗ್ರಾಂ ಆಗುತ್ತದೆ.

ಪುಣೆಯ ಪಕ್ಕದ ಪಿಂಪರಿಗೆ ಹೋದರೆ ಇನ್ನೊಂದು ಬಣ್ಣದ ನೆನಪಾಗುತ್ತದೆ. 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಮೊದಲು ಪೆನಿಸಿಲಿನ್, ಆಮೇಲೆ ಸ್ಟ್ರೆಪ್ಟೋಮೈಸಿನ್ ತಯಾರಿಸಿತು. ಸ್ಟ್ರೆಪ್ಟೋಮೈಸಿನ್ ಮಾತ್ರೆಯಲ್ಲ, ಸೂಜಿಮದ್ದು. ಆದರೂ ಅದರ ಬಣ್ಣವನ್ನು ಬಿಟ್ಟುಹೋಗಲು ಮನಸ್ಸು ಬಾರದು. ಕ್ಷಾರ ಹಾಕಿ ಕಾಯಿಸಿದರೆ ಅದರೊಳಗಿನ ಒಂದು ಸಕ್ಕರೆ ಘಟಕ ತನ್ನ ಕಟ್ಟನ್ನೇ ಬದಲಿಸಿಕೊಂಡು ಮಾಲ್ಟಾಲ್ ಆಗುತ್ತದೆ. ಹುರಿದ ಮೊಳಕೆ ಬಾರ್ಲಿಯ ಘಮದಲ್ಲಿರುವುದೂ ಇದೇ ಮಾಲ್ಟಾಲ್! ಆಮ್ಲ ಸೇರಿಸಿ ಫೆರಿಕ್ ಲವಣ ಹಾಕಿದರೆ ನೇರಳೆ ಛಾಯೆ ಬರುತ್ತದೆ. ಅದೇ ಔಷಧದ ತೀರಾ ಹತ್ತಿರದ ನೆಂಟ ಡೈಹೈಡ್ರೋಸ್ಟ್ರೆಪ್ಟೋಮೈಸಿನ್. ಅದಕ್ಕೆ ಎರಡು ಹೈಡ್ರೋಜನ್ ಹೆಚ್ಚು, ಅಷ್ಟಕ್ಕೇ ಮಾಲ್ಟಾಲ್ ಇಲ್ಲ, ನೇರಳೆಯೂ ಇಲ್ಲ. ಅಣುವಿನಲ್ಲಿ ಎಲ್ಲಿ ಮುಟ್ಟಬೇಕೆಂದು ಅರಿಯುವುದೇ ಈ ಕಲೆಯ ಹೆಚ್ಚುಗಾರಿಕೆ ಎಂದು ನಾನು ತಿಳಿದಿರುವುದು ಇಂಥವನ್ನು ನೋಡಿಯೇ.

ಸಲ್ಫಾದ ಗುಲಾಬಿಗೆ ಅಷ್ಟು ಬಿಗಿಯಾದ ವಿವೇಚನೆ ಇಲ್ಲ. ಬೆಂಜೀನ್ ಉಂಗುರಕ್ಕೆ ಅಂಟಿದ ಬಿಡಿ ಅಮೈನ್ ಯಾವುದಿದ್ದರೂ, ಅದು ಅರಿವಳಿಕೆ ಮದ್ದು ಪ್ರೋಕೇನ್ ಆದರೂ ಸರಿ, ಬಣ್ಣ ಬರುತ್ತದೆ. ಆದ್ದರಿಂದ ಕೆಟ್ಟ ಔಷಧದ ಚೂರುಗಳನ್ನು ಬೇರ್ಪಡಿಸಿ ನೋಡಬೇಕಾದಲ್ಲಿ ಎಚ್‌ಪಿಎಲ್‌ಸಿ ಯಂತ್ರವೇ ಬೇಕು, ಅದು ಸರಿಯಾದದ್ದೇ. ಆದರೆ ಆ ಯಂತ್ರ ದುಬಾರಿ, ಅದಕ್ಕೆ ಬೇಕಾದ ಶುದ್ಧ ದ್ರಾವಕಗಳೂ ದುಬಾರಿ.

ಮೈಸೂರಿನ ಮಾನಸಗಂಗೋತ್ರಿಯ ಕೆ. ಬಸವಯ್ಯ ಮತ್ತು ಅವರ ಸಂಗಡಿಗರ ಕೆಲಸ ನನಗೆ ಮೆಚ್ಚುಗೆಯಾಗುವುದು ಇಲ್ಲಿ. ಅವರು ಹಲವು ಔಷಧಗಳಿಗೆ ಬಳಸಿದ ಒಂದು ವಿಧಾನದಲ್ಲಿ ಲೆಕ್ಕ ತಿರುಗುಮುರುಗು. ಆಮ್ಲದಲ್ಲಿ ಬ್ರೋಮೇಟ್ ಮತ್ತು ಬ್ರೋಮೈಡ್ ಬೆರೆಸಿದರೆ ಅಳತೆಗೆ ತಕ್ಕಷ್ಟು ಬ್ರೋಮಿನ್ ಹುಟ್ಟುತ್ತದೆ. ಔಷಧ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಮಿಕ್ಕ ಬ್ರೋಮಿನ್, ಅಳೆದು ಹಾಕಿದ ಮೀಥೈಲ್ ಆರೆಂಜ್ ಅಥವಾ ಇಂಡಿಗೊ ಕಾರ್ಮೈನ್ ಬಣ್ಣವನ್ನು ತಿಂದುಹಾಕುತ್ತದೆ. ಔಷಧ ಹೆಚ್ಚಿದ್ದಷ್ಟೂ ಬ್ರೋಮಿನ್ ಕಡಿಮೆ ಉಳಿದು ಬಣ್ಣ ಹೆಚ್ಚು ಉಳಿಯುತ್ತದೆ. ಬೇರೆ ಕೆಲವು ಬಣ್ಣದ ವಿಧಾನಗಳಂತೆ ಕ್ಲೋರೋಫಾರ್ಮ್‌ನಲ್ಲಿ ಕುಲುಕಿ ಬೇರ್ಪಡಿಸುವ ತಾಪತ್ರಯ ಇದಕ್ಕಿಲ್ಲ. ಎರಡು ಸಾಮಾನ್ಯ ಲವಣ, ಒಂದು ಬಣ್ಣ, ಒಂದಿಷ್ಟು ಆಮ್ಲ ಇದ್ದರೆ ತಾಲ್ಲೂಕಿನ ಕಾಲೇಜೊಂದು ತನ್ನ ಹಳೆಯ ಕಲರಿಮೀಟರಿನಲ್ಲೇ ಮಾತ್ರೆಯನ್ನು ಅಳೆಯಬಹುದು.