ನಾರ್ವೇಜಿಯನ್ ಸಮಾಸಪದಗಳಲ್ಲಿ ಅಕ್ಷರವಿಭಾಗವೂ ಬಲಾಘಾತವೂ

ನಾರ್ವೇಜಿಯನ್ ಭಾಷೆಯನ್ನು ಪರಭಾಷಿಕರಿಗೆ ಬೋಧಿಸುವ ಕೈಪಿಡಿಗಳಲ್ಲಿ ಎರಡು ಸೂತ್ರಗಳು ಸಾಮಾನ್ಯವಾಗಿ ಕಾಣಬರುತ್ತವೆ. ಬಲಾಘಾತವು ಪದದ ಮೊದಲ ಅಕ್ಷರದ ಮೇಲೆ ಬೀಳುವುದೆಂಬುದು ಒಂದು. ಎರಡು ಸ್ವರಗಳ ನಡುವಣ ಒಂಟಿ ವ್ಯಂಜನವು ಮುಂದಿನ ಸ್ವರವನ್ನು ಸೇರುವುದೆಂಬುದು ಇನ್ನೊಂದು. ಸರಳಪದಗಳಲ್ಲಿ ಇವು ಬಹುಮಟ್ಟಿಗೆ ಸಲ್ಲುತ್ತವೆ. ‘ತೋರಿಸು’ ಎಂಬರ್ಥದ ‘ವೀಸೆ’ಯನ್ನು ವೀ-ಸೆ ಎಂದು ಒಡೆಯುವುದರಲ್ಲಿ ದೋಷವಿಲ್ಲ. ಆದರೆ ಇವೇ ಸೂತ್ರಗಳನ್ನು ಸಮಾಸಕ್ಕೆ ಹಚ್ಚಿದೊಡನೆ ಅರ್ಥವೇ ಕೆಡುತ್ತದೆ.

ಬೂಕ್ ಎಂದರೆ ಪುಸ್ತಕ, ಒರ್ಮ್ ಎಂದರೆ ಹುಳು. ಇವೆರಡೂ ಕೂಡಿದ ‘ಬೂಕೊರ್ಮ್’ ಪದವನ್ನು ಒಂಟಿವ್ಯಂಜನದ ಸೂತ್ರದಂತೆ ಬೂ-ಕೊರ್ಮ್ ಎಂದು ಒಡೆದರೆ ಪುಸ್ತಕವೂ ಉಳಿಯದು, ಹುಳುವೂ ಉಳಿಯದು. ಪಂಕ್ತಿಯ ಕೊನೆಯಲ್ಲಿ ಒಡೆಯುವಾಗ ನಾರ್ವೆಯವರು ಬರೆಯುವುದು ಬೂಕ್-ಒರ್ಮ್ ಎಂದೇ. ‘ನತ್ತೋಗ್’ ಇದಕ್ಕಿಂತಲೂ ವಿಚಿತ್ರ. ನತ್ತ್ (ರಾತ್ರಿ), ತೋಗ್ (ರೈಲುಗಾಡಿ) ಕೂಡಿದಾಗ ಮೂರು ತಕಾರಗಳು ಒಟ್ಟಿಗೆ ಬರುವುದರಿಂದ ಒಂದನ್ನು ಬಿಟ್ಟು ಬರೆಯುವರು. ಪಂಕ್ತಿ ಮುಗಿದು ಪದವನ್ನು ಒಡೆಯಬೇಕಾದಾಗಲಾದರೋ ಬಿಟ್ಟುಹೋದ ತಕಾರವು ಮರಳಿ ಬರುತ್ತದೆ. ಲೇಖನಿಯು ಮರೆತುದನ್ನು ಕಾಗದದ ಅಂಚು ನೆನಪಿಸುವುದೆನ್ನಬಹುದು!

ಬಲಾಘಾತದ ಸೂತ್ರವೂ ಹೀಗೆಯೇ ಸಡಿಲವಾದುದು. ‘ಉನಿವೆರ್ಸಿತೇತ್ಸ್‌ಬಿಬ್ಲಿಯೊತೇಕ್’ (ವಿಶ್ವವಿದ್ಯಾಲಯದ ಗ್ರಂಥಭಂಡಾರ) ಎಂಬಲ್ಲಿ ಪ್ರಧಾನ ಬಲವು ಬೀಳುವುದು ‘ಉ’ಕಾರದ ಮೇಲಲ್ಲ, ‘ತೇತ್’ ಎಂಬಲ್ಲಿ. ಪೂರ್ವಪದವು ಒಂಟಿಯಾಗಿದ್ದಾಗ ಎಲ್ಲಿ ಬಲ ಪಡೆಯುವುದೋ ಸಮಾಸದಲ್ಲಿಯೂ ಪ್ರಾಯಶಃ ಅಲ್ಲಿಯೇ ಪಡೆಯುವುದು. ಉತ್ತರಪದಕ್ಕೆ ಉಳಿಯುವುದು ಗೌಣಬಲ. ಆದುದರಿಂದ ‘ಮೊದಲ ಅಕ್ಷರ’ ಎಂಬ ಮಾತನ್ನು ಬಿಟ್ಟು ‘ಪೂರ್ವಪದ’ ಎಂದು ಹೇಳುವುದೇ ಯುಕ್ತ.

ಇದು ಬರಿಯ ಪರಿಭಾಷೆಯ ಜಗಳವಲ್ಲ. ‘ಲಮ್ಮೆಲೋರ್’ ಎಂದು ಮೊದಲಲ್ಲಿ ಬಲವಿಟ್ಟು ಒಂದೇ ಪದವಾಗಿ ನುಡಿದರೆ ಕುರಿಮರಿಯ ತೊಡೆಮಾಂಸ. ಬಿಡಿಸಿ, ‘ಲೋರ್’ ಎಂಬುದಕ್ಕೆ ಹೆಚ್ಚಿನ ಬಲ ಕೊಟ್ಟರೆ ಸ್ವಾಧೀನ ತಪ್ಪಿದ ತೊಡೆಗಳು! ಕನ್ನಡದಲ್ಲಿ ಮಳೆಗಾಲ, ಬೆಟ್ಟದಾವರೆ ಮೊದಲಾದೆಡೆಗಳಲ್ಲಿ ಉತ್ತರಪದದ ಮೊದಲ ವ್ಯಂಜನಕ್ಕಾಗುವ ಆದೇಶವೇ ಸಮಾಸವನ್ನು ಸಾರುತ್ತದೆ. ಅಂತಹ ಆದೇಶವಿಲ್ಲದ ನಾರ್ವೇಜಿಯನ್ನಿನಲ್ಲಿ ಆ ಕೆಲಸದ ಬಹುಭಾಗವನ್ನು ಬಲಾಘಾತವೇ ಹೊರಬೇಕಾಗಿದೆ.

ನಮ್ಮ ಛಂದಸ್ಸನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ರುಚಿಸೀತು. ಅಲ್ಲಿ ಬಲ ಬಿದ್ದ ಅಕ್ಷರವು ಸಾಮಾನ್ಯವಾಗಿ ಗುರುವೇ: ‘ತಾಕ್’ (ಮಾಡು) ಎಂಬಲ್ಲಿ ಸ್ವರ ದೀರ್ಘ, ‘ತಕ್ಕ್’ (ವಂದನೆ) ಎಂಬಲ್ಲಿ ವ್ಯಂಜನ ದೀರ್ಘ. ಹೀಗೆ ಅಕ್ಷರದ ತೂಕವೂ ಬಲವನ್ನೇ ಅವಲಂಬಿಸಿದೆ, ಬಲವು ಪದಚ್ಛೇದವನ್ನು. ಕೈಪಿಡಿಗಳಾದರೋ ಅಕ್ಷರದಿಂದ ಆರಂಭಿಸಿ ಪದಚ್ಛೇದವನ್ನು ಅಪವಾದಗಳ ಪಟ್ಟಿಗೆ ತಳ್ಳಿವೆ.