ಡೋಲಿನ ಮಾನಾಪಮಾನ

ಭಾದ್ರಪದ ಬಂದಿತೆಂದರೆ ವಿಲೆ ಪಾರ್ಲೆಯ ಬೀದಿಗಳನ್ನು ಢೋಲ್-ತಾಶಾಗಳ ನಾದವು ತುಂಬುತ್ತದೆ. ಸೊಂಟಕ್ಕೆ ಢೋಲು ಬಿಗಿದ ತರುಣ ತರುಣಿಯರು ಸಾಲುಗಟ್ಟಿ ನಡೆಯುತ್ತಾರೆ. ಇವರಲ್ಲಿ ಬಹುಮಂದಿ ವಿದ್ಯಾರ್ಥಿಗಳು, ಕಚೇರಿಯ ನೌಕರರು. ವಾದ್ಯವು ಇವರಿಗೆ ಕುಲವೃತ್ತಿಯಲ್ಲ, ಹವ್ಯಾಸ. ೧೯೨೩ರಷ್ಟು ಹಿಂದೆಯೇ ಲೋಕಮಾನ್ಯ ಸೇವಾ ಸಂಘವನ್ನು ಕಟ್ಟಿಕೊಂಡ ಈ ಸುಶಿಕ್ಷಿತ ಉಪನಗರದಲ್ಲಿ ಪಥಕವೊಂದನ್ನು ಸೇರುವುದು ಗೌರವದ ಸಂಗತಿ. ವಾದ್ಯಪ್ರಿಯರು ಕೂಡಿದೆಡೆಯಲ್ಲಿ ಎರಡು ಚರ್ಚೆಗಳು ಏಳುವುದು ಸಹಜ: ತಾಶಾ ಎಲ್ಲಿಂದ ಬಂದಿತು? ಅದರ ಸದ್ದಿಗೆ ಮಿತಿ ಬೇಕೆ? ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನ ಪಾಲಿಗೆ ಇವುಗಳ ಹಿಂದೆ ಮೂರನೆಯದೊಂದು ಪ್ರಶ್ನೆ ಅಡಗಿದೆ: ಊರಿನಲ್ಲಿ ಈ ವಾದ್ಯವು ಯಾರ ಕೊರಳಿನಲ್ಲಿತ್ತು?

ಮೊದಲು ಕಲೆಯ ವಿಚಾರ. ಢೋಲು ನಡಿಗೆಯನ್ನು ಹಿಡಿದಿಡುವ ಗಂಭೀರವಾದ್ಯ. ತಾಶಾ ಆ ನಡಿಗೆಯ ನಡುವಣ ತೆರಪನ್ನು ಕಿರುಪೆಟ್ಟುಗಳಿಂದ ತುಂಬುವ ಚುರುಕಿನ ವಾದ್ಯ. ಪಥಕದ ಸೊಗಸು ಇರುವುದು ಏಕತೆಯಲ್ಲಿ. ಹತ್ತಾರು ಕೋಲುಗಳು ಒಂದೇ ಕೋಲಿನಂತೆ ಬೀಳಬೇಕು. ಮುಂದಾಳಿನ ಸನ್ನೆಯೊಂದಕ್ಕೆ ಲಯವು ಹೊರಳಬೇಕು. ಅಷ್ಟಮಿ, ನವರಾತ್ರಿಗಳ ಹುಲಿವೇಷದಲ್ಲಿಯೂ ಇದೇ ಜೋಡಿವಾದ್ಯಗಳು ಡೋಲು, ತಾಸೆ ಎಂಬ ಹೆಸರಿನಿಂದ ಕೇಳಿಬರುತ್ತವೆ. ಆದರೆ ಅಲ್ಲಿನ ಧರ್ಮವೇ ಬೇರೆ. ತಾಸೆಯವನ ಕಣ್ಣು ಹುಲಿಯ ಹೆಜ್ಜೆಯ ಮೇಲೆ. ಹುಲಿಯ ಕಿವಿ ತಾಸೆಯ ಮೇಲೆ. ಒಬ್ಬನು ಕೆಣಕುತ್ತಾನೆ, ಇನ್ನೊಬ್ಬನು ಉತ್ತರ ಕೊಡುತ್ತಾನೆ. ಇಬ್ಬರು ಮೂವರಿಂದಲೇ ಆಟವು ಕಳೆಗಟ್ಟುತ್ತದೆ. ಪಥಕದಲ್ಲಿ ಈ ಸಂವಾದವಿಲ್ಲ. ಅಲ್ಲಿ ಸಂಖ್ಯೆಯೇ ಅಲಂಕಾರ. ಸಂಖ್ಯೆಯು ಬೆಳೆದಷ್ಟೂ ಒಬ್ಬೊಬ್ಬ ವಾದಕನ ಕಲ್ಪನೆಗೆ ಎಡೆಯು ಕುಗ್ಗುತ್ತದೆಂಬುದನ್ನು ಅದರ ಅಭಿಮಾನಿಗಳೂ ಅಲ್ಲಗಳೆಯಲಾರರು.

ಇನ್ನು ಮೂಲದ ಮಾತು. ತಾಶಾವನ್ನು ಒಂದೇ ಊರಿನ, ಒಂದೇ ಮತದ ಆಸ್ತಿಯೆಂದು ಸಾಧಿಸಹೊರಡುವ ಉತ್ಸಾಹಕ್ಕೆ ಆ ಪದವೇ ಅಡ್ಡಬರುತ್ತದೆ. ಅರಬ್ಬೀ-ಪಾರಸೀಗಳಲ್ಲಿ ‘ತಾಸ್’ ಎಂದರೆ ಬಟ್ಟಲು. ಬಟ್ಟಲಿನ ಬಾಯಿಗೆ ಚರ್ಮವನ್ನು ಬಿಗಿದದ್ದೇ ಈ ವಾದ್ಯ. ಮೊಹರಮ್ಮಿನ ಮೆರವಣಿಗೆಗಳಲ್ಲಿ ಅದಕ್ಕೆ ಮುಖ್ಯಸ್ಥಾನವಿತ್ತು. ೧೮೪೫ರಿಂದ ಮೊದಲುಗೊಂಡು ಕರಾರು ಕೂಲಿಗಳಾಗಿ ಟ್ರಿನಿಡಾಡಿಗೆ ಹೋದ ಭಾರತೀಯರು ಅದನ್ನು ಕಡಲಾಚೆಗೂ ಒಯ್ದರು. ‘ಹೊಸೇ’ ಎಂದು ಅಲ್ಲಿ ಹೆಸರಾದ ಮೊಹರಮ್ಮಿನ ಮೆರವಣಿಗೆಯ ಮೇಲೆ ೧೮೮೪ರಲ್ಲಿ ಬ್ರಿಟಿಷ್ ಆಡಳಿತವು ಗುಂಡು ಹಾರಿಸಿತು. ಇಂದು ಅದೇ ‘ತಾಸಾ’ ಆ ದ್ವೀಪದ ಮದುವೆಮನೆಗಳ ಸಂಭ್ರಮದ ವಾದ್ಯ. ಮಹಾರಾಷ್ಟ್ರದಲ್ಲಿಯಾದರೋ ಹಳ್ಳಿಗಳ ವಾದಕರ ಕೈಯಲ್ಲಿದ್ದುದನ್ನು ಪುಣೆಯ ಜ್ಞಾನಪ್ರಬೋಧಿನಿಯಂಥ ವಿದ್ಯಾಸಂಸ್ಥೆಗಳು ಕಳೆದ ಶತಮಾನದ ಉತ್ತರಾರ್ಧದಲ್ಲಿ ವಿದ್ಯಾರ್ಥಿ ಪಥಕಗಳಿಗೆ ಅಳವಡಿಸಿಕೊಂಡವು. ಪಾರ್ಲೆಯ ಪಥಕಗಳು ಈ ಹೊಸ ಪರಂಪರೆಗೆ ಸೇರಿದವು.

ವಾದ್ಯವು ಮಾನದ ಚಿಹ್ನೆಯಾಗಿದ್ದ ಕಾಲವೂ ಇತ್ತು. ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಅಧಿಕಾರವನ್ನು ಪಡೆದ ಸಾಮಂತನಿಗೆ ಸಲ್ಲುತ್ತಿತ್ತು. ಠಾಣೆಯನ್ನು ರಾಜಧಾನಿಯಾಗಿ ಮಾಡಿಕೊಂಡು ಉತ್ತರ ಕೊಂಕಣವನ್ನು, ಎಂದರೆ ಇಂದಿನ ಪಾರ್ಲೆಯ ನೆಲವನ್ನೂ, ಆಳಿದ ಶಿಲಾಹಾರರು ಈ ಬಿರುದನ್ನು ಹೊತ್ತಿದ್ದರು. ಅವರ ಬಿರುದಾವಳಿಯಲ್ಲಿ ಕನ್ನಡ ನುಡಿಗಳೂ ಬೆರೆತಿವೆ. ಆ ಐದು ಯಾವುವೆಂಬುದನ್ನು ‘ವಿವೇಕಚಿಂತಾಮಣಿ’ಯು ಹೀಗೆ ಎಣಿಸುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಇವುಗಳ ಪೈಕಿ ತಮ್ಮಟವು ಗಮನಾರ್ಹ. ಅರಸನ ಬಾಗಿಲಲ್ಲಿ ಬಿರುದಾಗಿದ್ದ ತಮ್ಮಟವೇ ಊರ ಹೊರಗಣ ಕೇರಿಯವನ ಕೈಯಲ್ಲಿ ತಮಟೆಯಾಗಿ ಅಸ್ಪೃಶ್ಯತೆಯ ಗುರುತಾಯಿತು. ಚರ್ಮ ಅದೇ, ಬಳೆ ಅದೇ, ಪೆಟ್ಟೂ ಅದೇ. ನುಡಿಸಿಕೊಂಡವನಿಗೆ ಮಾನ, ನುಡಿಸಿದವನಿಗೆ ಅಪಮಾನ.

ಈ ಅಪಮಾನದ ಅತಿ ಕಠೋರ ರೂಪವನ್ನು ಕಂಡವರು ತುಳುನಾಡಿನ ಕೊರಗರು. ಡೋಲು ಅವರ ಸ್ವಂತ ವಾದ್ಯ. ಅದರ ಲಯವೈವಿಧ್ಯವು ಅವರ ಕೈಯಲ್ಲಿ ಬೆಳೆದದ್ದು. ಆದರೆ ಜಾತ್ರೆ, ಕಂಬಳಗಳಲ್ಲಿ ಡೋಲು ಬಾರಿಸುವುದು ಅವರ ಇಚ್ಛೆಗೆ ಬಿಟ್ಟದ್ದಾಗಿರಲಿಲ್ಲ, ಕಟ್ಟುಬಿದ್ದ ಸೇವೆಯಾಗಿತ್ತು. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಕುಳಿತು ಅವರು ಡೋಲು ಬಡಿಯಬೇಕಿತ್ತು. ಕೋಣಗಳಿಗಿಂತ ಮುಂಚೆ ಗದ್ದೆಯಲ್ಲಿ ಓಡಬೇಕಿತ್ತು. ಕೂದಲು, ಉಗುರು ಬೆರಸಿದ ಅನ್ನವನ್ನು ಉಣ್ಣಿಸುವ ‘ಅಜಲು’ ಇದೇ ಪದ್ಧತಿಯ ಮತ್ತೊಂದು ಮುಖ. ಕರ್ನಾಟಕ ವಿಧಾನಮಂಡಲವು ೨೦೦೦ದ ಅಧಿನಿಯಮದಿಂದ ಇದನ್ನು ನಿಷೇಧಿಸಿತು. ಅಂದಿನಿಂದ ಡೋಲಿನ ಬಗೆಗೆ ಕೊರಗರಲ್ಲಿಯೇ ಎರಡು ಅಭಿಪ್ರಾಯಗಳುಂಟು: ಗುಲಾಮಗಿರಿಯ ಕುರುಹಾದ ಡೋಲನ್ನು ಕೆಳಗಿಳಿಸಬೇಕೆಂಬುದೊಂದು, ಅದು ತಮ್ಮ ಕಲೆ, ತಮಗೆ ಬೇಕಾದಾಗ ತಮ್ಮ ಅಂಗಳದಲ್ಲಿ ನುಡಿಸಬೇಕೆಂಬುದಿನ್ನೊಂದು. ಮೇಲ್ನೋಟಕ್ಕೆ ಇವು ವಿರುದ್ಧವೆಂದು ತೋರಿದರೂ ಒಂದೇ ಹಕ್ಕಿನ ಎರಡು ಮಗ್ಗುಲುಗಳು. ‘ಬಾರಿಸೆನು’ ಎನ್ನಬಲ್ಲವನು ಮಾತ್ರವೇ ‘ಬಾರಿಸುವೆನು’ ಎಂಬ ಮಾತನ್ನು ಕಲಾವಿದನಾಗಿ ಆಡಬಲ್ಲನು.

ಅಜಲು ನಿಷೇಧವಾದ ವರ್ಷದಲ್ಲಿಯೇ ಕೇಂದ್ರ ಸರಕಾರವು ಶಬ್ದಮಾಲಿನ್ಯದ ನಿಯಮಗಳನ್ನೂ ಹೊರಡಿಸಿತು. ವಸತಿ ಪ್ರದೇಶದಲ್ಲಿ ಹಗಲಿಗೆ ೫೫, ಇರುಳಿಗೆ ೪೫ ಡೆಸಿಬೆಲ್ ಎಂದು ಮಿತಿಯನ್ನು ಗೊತ್ತುಪಡಿಸಿತು. ರೋಗಿಗಳು, ವೃದ್ಧರು, ಎಳೆಯ ಮಕ್ಕಳು ಇರುವ ಯಾವ ಬೀದಿಗಾದರೂ ಇಂಥ ನಿಯಮವು ಆವಶ್ಯಕವೇ. ಆದರೆ ನಿಯಮವು ಒಂದಾದರೂ ಅದು ಎಲ್ಲರನ್ನೂ ಒಂದೇ ಬಗೆಯಲ್ಲಿ ಮುಟ್ಟುವುದಿಲ್ಲ. ೨೦೨೧ರ ಡಿಸೆಂಬರ್ ೨೭ರ ರಾತ್ರಿ ಉಡುಪಿ ಜಿಲ್ಲೆಯ ಕೋಟತಟ್ಟಿನ ಕೊರಗರ ಕಾಲೊನಿಯಲ್ಲಿ ಮದುವೆಯ ಮುನ್ನ ಮೆಹಂದಿಯ ಸಮಾರಂಭ ನಡೆದಿತ್ತು. ಧ್ವನಿವರ್ಧಕದ ಸದ್ದು ಹೆಚ್ಚಾಯಿತೆಂಬ ದೂರಿನ ಮೇಲೆ ಬಂದ ಪೊಲೀಸರು ಮದುಮಗನನ್ನೂ ಬಿಡದೆ ಲಾಠಿಯಿಂದ ಹೊಡೆದರೆಂಬ ಆರೋಪವು ನಾಡನ್ನೇ ಕಲಕಿತು. ಠಾಣೆಯ ಸಬ್‌ಇನ್ಸ್‌ಪೆಕ್ಟರರನ್ನು ಅಮಾನತಿನಲ್ಲಿಟ್ಟು, ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ಇತ್ತ ೨೦೨೪ರ ಆಗಸ್ಟ್ ೩೦ರಂದು ಪುಣೆಯ ಗಣೇಶೋತ್ಸವದ ಸದ್ದನ್ನು ಕುರಿತು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಪಥಕವೊಂದರಲ್ಲಿ ೩೦ಕ್ಕಿಂತ ಹೆಚ್ಚು ಮಂದಿ ಇರಕೂಡದೆಂದಿತು. ಎರಡು ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ ೧೨ರಂದು, ಸರ್ವೋಚ್ಚ ನ್ಯಾಯಾಲಯವು ಢೋಲ್-ತಾಶಾ ಪುಣೆಯ ಹೃದಯವೆಂಬ ಮಾತಿನೊಡನೆ ಆ ಮಿತಿಗೆ ತಡೆಯಾಜ್ಞೆ ಕೊಟ್ಟಿತು.

ಧ್ವನಿವರ್ಧಕವು ಡೋಲಲ್ಲ, ಬೀದಿಯ ಉತ್ಸವವು ಮನೆಯ ಸಮಾರಂಭವಲ್ಲ, ಎರಡು ಪ್ರಸಂಗಗಳನ್ನು ತಕ್ಕಡಿಯಲ್ಲಿಟ್ಟು ಸರಿತೂಗಿಸುವುದು ಸಲ್ಲದು. ಆದರೂ ಇವುಗಳ ನಡುವಣ ಅಂತರವು ಅರ್ಥಪೂರ್ಣವಾಗಿದೆ. ಒಂದರ ಸದ್ದಿನ ಪರವಾಗಿ ವಕೀಲರು ದೇಶದ ಅತ್ಯುಚ್ಚ ನ್ಯಾಯಪೀಠದ ಮುಂದೆ ವಾದಿಸಿದರು. ಇನ್ನೊಂದರ ಸದ್ದಿಗೆ ಉತ್ತರವಾಗಿ ಬಂದದ್ದು ಲಾಠಿಯೆಂಬ ದೂರು. ತಲೆಮಾರುಗಳ ಕಾಲ ಊರಿಗಾಗಿ ಸದ್ದು ಮಾಡುವುದನ್ನು ಯಾರ ಮೇಲೆ ಹೇರಲಾಗಿತ್ತೋ, ಅವರು ತಮಗಾಗಿ ಸದ್ದು ಮಾಡಿದ ರಾತ್ರಿ ಅದು ಅಪರಾಧವಾಗಿ ಕಂಡಿತು.

ಕೋಟವು ಶಿವರಾಮ ಕಾರಂತರ ಹುಟ್ಟೂರು. ೧೯೩೩ರ ‘ಚೋಮನ ದುಡಿ’ಯಲ್ಲಿ ಅವರು ಕಂಡುಕೊಂಡ ಸತ್ಯವು ಇಲ್ಲಿ ನೆನಪಿಗೆ ತಕ್ಕದ್ದು. ಚೋಮನಿಗೆ ನೆಲವಿಲ್ಲ, ಸಾಲ ತೀರದು, ಮಕ್ಕಳು ಉಳಿಯರು. ಒಡೆಯನ ಅಪ್ಪಣೆಯಿಲ್ಲದೆ ಅವನು ಮಾಡಬಲ್ಲ ಕೆಲಸವೆಂದರೆ ತನ್ನ ಗುಡಿಸಲಿನಲ್ಲಿ ದುಡಿಯನ್ನು ಬಾರಿಸುವುದೊಂದೇ. ಆ ಕೃತಿಯಲ್ಲಿ ದುಡಿಯು ಕೇವಲ ದುಃಖದ ಸಂಕೇತವೆಂದು ಓದುವುದು ಅರೆ ಓದು. ಅದು ಅವನ ಏಕಮಾತ್ರ ಸ್ವಾತಂತ್ರ್ಯವೂ ಹೌದು. ಆ ಕಾರಣದಿಂದಲೇ ಆ ಸದ್ದು ಕಲೆಯ ಎತ್ತರಕ್ಕೆ ಏರುತ್ತದೆ.

ವಾದ್ಯದ ಇತಿಹಾಸವನ್ನು ಬರೆಯುವವರು ಈ ಅಳತೆಗೋಲನ್ನು ಕೈಬಿಡಲಾಗದು. ಪಾರ್ಲೆಯ ತರುಣಿಯೊಬ್ಬಳು ತನ್ನಿಚ್ಛೆಯಿಂದ ಢೋಲನ್ನು ಸೊಂಟಕ್ಕೆ ಬಿಗಿದುಕೊಳ್ಳುವಾಗ ವಾದ್ಯದ ಮೇಲಿನ ಹಳೆಯ ಮೈಲಿಗೆ ತುಸುವಾದರೂ ಕಳೆಯುತ್ತದೆ; ಅದು ಸಣ್ಣ ಸಾಧನೆಯಲ್ಲ. ಆದರೆ ವಾದ್ಯವನ್ನು ಸ್ವೀಕರಿಸಿ ವಾದಕನನ್ನು ಮರೆತರೆ ಪಂಚಮಹಾಶಬ್ದದ ಹಳೆಯ ಕಥೆಯೇ ಹೊಸ ಉಡುಪಿನಲ್ಲಿ ಮರಳುತ್ತದೆ. ಕೊರಗರ ಡೋಲಿನ ವರಸೆಗಳನ್ನು, ಹುಲಿವೇಷದ ತಾಸೆಯ ನಡೆಗಳನ್ನು, ಹಲಗೆ-ತಮಟೆಗಳ ಪೆಟ್ಟುಗಳನ್ನು ನುಡಿಸಿದವರ ಹೆಸರಿನೊಡನೆ ಸಂಗ್ರಹಿಸುವ ಕಾರ್ಯವು ಪಂಡಿತರಿಗಾಗಿ ಕಾದಿದೆ. ಅರಸರ ಬಿರುದುಗಳನ್ನು ಶಾಸನಗಳಿಂದ ಅಕ್ಷರಕ್ಷರವಾಗಿ ಬಿಡಿಸಿ ಓದಿದ ವಿದ್ವತ್ತೆಯು ಆ ಬಿರುದುಗಳಿಗೆ ಸದ್ದು ಕೊಟ್ಟ ಕೈಗಳ ಹೆಸರನ್ನೂ ಬರೆದಿಡುವುದು ನ್ಯಾಯ.